ಗಲಾಥಿಯಾದ ಮರಳು, ಹರಿಯಾಣದ ಸಸಿ

ಶಾಲೆಯ ಗೋಡೆಗೆ ತೂಗುಹಾಕಿದ ಭಾರತದ ನಕಾಶೆಯಲ್ಲಿ ಬಂಗಾಳ ಕೊಲ್ಲಿಯ ಬಲಬದಿಗೆ ಚುಕ್ಕೆಗಳ ಒಂದು ಸಾಲಿರುತ್ತದೆ. ಅದರ ಕಟ್ಟಕಡೆಯ ಚುಕ್ಕೆ ಗ್ರೇಟ್ ನಿಕೋಬಾರ್. ನಕಾಶೆಯ ಅಳತೆಯಲ್ಲಿ ಸಾಸಿವೆ ಕಾಳಿನಷ್ಟಿರುವ ಈ ನೆಲದ ವಿಸ್ತೀರ್ಣ ಸುಮಾರು 910 ಚದರ ಕಿಲೋಮೀಟರ್. 2019ರಲ್ಲಿ ವಿಸ್ತರಣೆಗೊಂಡ ನಮ್ಮ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ವಿಸ್ತೀರ್ಣ ಸುಮಾರು 930 ಚದರ ಕಿಲೋಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವು, ಎರಡೂ ನಿತ್ಯಹರಿದ್ವರ್ಣದ ಮಳೆಕಾಡು. ಮಲೆನಾಡಿನ ಪತ್ರಿಕೆಯೊಂದು ಸಮುದ್ರದಾಚೆಯ ದ್ವೀಪದ ಬಗ್ಗೆ ಏಕೆ ಬರೆಯಬೇಕೆಂದು ಕೇಳುವವರು ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕಾಗಿ ವಿನಂತಿ.

ನೀತಿ ಆಯೋಗದ ಕಲ್ಪನೆಯಲ್ಲಿ ಹುಟ್ಟಿದ ಗ್ರೇಟ್ ನಿಕೋಬಾರ್ ಯೋಜನೆಯಲ್ಲಿ ನಾಲ್ಕು ಭಾಗಗಳಿವೆ: ಗಲಾಥಿಯಾ ಕೊಲ್ಲಿಯಲ್ಲಿ ಹಡಗಿನಿಂದ ಹಡಗಿಗೆ ಸರಕು ಬದಲಾಯಿಸುವ ಬೃಹತ್ ಬಂದರು, ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಹೊಸ ನಗರ. ಮೊದಲ ಅಂದಾಜು ವೆಚ್ಚ 72,000 ಕೋಟಿ ರೂಪಾಯಿ. ಅದು ಆಮೇಲೆ ಇನ್ನಷ್ಟು ಏರಿದೆ. ಇದಕ್ಕಾಗಿ ಪರಿವರ್ತಿಸಲು ಹೊರಟ ಅರಣ್ಯ 130 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ದ್ವೀಪದ ಏಳನೆಯ ಒಂದು ಪಾಲು. ಕಡಿಯಬೇಕಾದ ಮರಗಳ ಸಂಖ್ಯೆ ಸರ್ಕಾರದ್ದೇ ಕಾಗದಗಳಲ್ಲಿ ಒಮ್ಮೆ ಎಂಟೂವರೆ ಲಕ್ಷ, ಇನ್ನೊಮ್ಮೆ 9.64 ಲಕ್ಷ. ಒಂದು ಲಕ್ಷ ಮರ ಅತ್ತಿತ್ತ ಆದರೂ ಲೆಕ್ಕ ತಪ್ಪಿದಂತೆ ಯಾರಿಗೂ ಅನಿಸಿಲ್ಲ. ಈಗ ಅಲ್ಲಿರುವ ಜನ ಸುಮಾರು ಎಂಟು ಸಾವಿರ. ಯೋಜನೆ ಪೂರ್ಣಗೊಂಡಾಗ ಇರಬೇಕೆಂದು ಬಯಸಿರುವುದು ಮೂರೂವರೆ ಲಕ್ಷ. 2022ರ ಅಕ್ಟೋಬರಿನಲ್ಲಿ ಅರಣ್ಯ ಪರಿವರ್ತನೆಗೆ ಮೊದಲ ಹಂತದ ಒಪ್ಪಿಗೆ, ನವೆಂಬರಿನಲ್ಲಿ ಪರಿಸರ ಅನುಮತಿ ದೊರೆತವು. ಇಷ್ಟು ದೊಡ್ಡ ಯೋಜನೆಗೆ ಇಷ್ಟು ಬೇಗ ಸಿಕ್ಕ ಒಪ್ಪಿಗೆಯನ್ನು, ಒಂದು ಕಾಲುಸಂಕಕ್ಕಾಗಿ ಹತ್ತು ವರ್ಷ ಅರ್ಜಿ ಹಿಡಿದು ಅಲೆಯುವ ನಮ್ಮೂರಿನವರು ಬೆರಗಿನಿಂದ ನೋಡಬೇಕು.

ಈ ಚುಕ್ಕೆಯಲ್ಲಿ ಏನಿದೆ ಎಂಬುದನ್ನು ತಿಳಿಯಲು ಅದು ಹೇಗೆ ತುಂಬಿತು ಎಂಬುದನ್ನು ಮೊದಲು ತಿಳಿಯಬೇಕು. ಹಿಮಯುಗದ ಕಾಲದಲ್ಲಿ ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಆಗ ಸುಮಾತ್ರ, ಜಾವಾ, ಬೋರ್ನಿಯೋಗಳು ಪ್ರತ್ಯೇಕ ದ್ವೀಪಗಳಾಗಿರಲಿಲ್ಲ. ಮಲಯ ಪರ್ಯಾಯದ್ವೀಪದೊಡನೆ ಕೂಡಿಕೊಂಡ ಒಂದೇ ನೆಲವಾಗಿದ್ದವು. ಹುಲಿ, ಆನೆ, ಘೇಂಡಾಮೃಗಗಳು ಕಾಲ್ನಡಿಗೆಯಲ್ಲೇ ಸುಮಾತ್ರಕ್ಕೆ ಹೋದವು. ಗ್ರೇಟ್ ನಿಕೋಬಾರ್ ಆ ಸುಮಾತ್ರದ ಉತ್ತರ ತುದಿಯಿಂದ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ, ಆದರೆ ನಡುವಿನ ಕಡಲು ಆಳವಾದುದು. ಅದು ಎಂದೂ ಬತ್ತಲಿಲ್ಲ. ಆದುದರಿಂದ ಇಲ್ಲಿ ಹುಲಿಯಿಲ್ಲ, ಆನೆಯಿಲ್ಲ, ಮಂಗಟ್ಟೆಯೂ ಇಲ್ಲ. ಹಾರಿ ಬಂದದ್ದು, ತೇಲಿ ಬಂದದ್ದು, ಬಿರುಗಾಳಿಗೆ ಸಿಕ್ಕಿ ಬಿದ್ದದ್ದು ಮಾತ್ರ ಇಲ್ಲಿ ನೆಲೆಯೂರಿತು. ಬಂದವರು ಕೆಲವರೇ; ಹಾಗೆ ಬಂದವರು ಸಾವಿರಾರು ತಲೆಮಾರು ತಮ್ಮಷ್ಟಕ್ಕೆ ಬಾಳಿ ಬೇರೆಲ್ಲಿಯೂ ಇಲ್ಲದ ಜೀವಿಗಳಾದರು. ಹತ್ತನೆಯ ಡಿಗ್ರಿಯ ಕಾಲುವೆಯಾಚೆ ಉತ್ತರಕ್ಕಿರುವ ಅಂಡಮಾನಿನ ಜೀವಜಾಲ ಬರ್ಮಾದ ಕಡೆಗೆ ಮುಖಮಾಡಿದ್ದರೆ, ನಿಕೋಬಾರಿನದು ಸುಮಾತ್ರದ ಕಡೆಗೆ. ಆಡಳಿತದ ಕಡತಕ್ಕೆ ಎರಡೂ ಒಂದೇ ಕೇಂದ್ರಾಡಳಿತ ಪ್ರದೇಶ. ಕಾಡಿಗೆ ಹಾಗಲ್ಲ.

ಇಂಥ ದ್ವೀಪಗಳನ್ನು ಜಾತಿಗಳ ಎಣಿಕೆಯಿಂದ ಅಳೆಯುವುದು ತಪ್ಪು. ಮಲಯದ ಕಾಡಿನಲ್ಲೋ ನಮ್ಮ ಘಟ್ಟದಲ್ಲೋ ಒಂದು ಕೆಲಸಕ್ಕೆ ಹತ್ತು ಜೀವಿಗಳಿದ್ದರೆ ಇಲ್ಲಿ ಒಂದೋ ಎರಡೋ. ಆ ಒಂದು ಹೋದರೆ ಕೆಲಸವೇ ನಿಲ್ಲುತ್ತದೆ.

ರಾಮಪತ್ರೆಯ ಉದಾಹರಣೆ ತೆಗೆದುಕೊಳ್ಳೋಣ. ಅದು ನಮಗೂ ಅವರಿಗೂ ಸಮಾನವಾದ ಕುಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಮಂಡಿಯೂರಿದಂತೆ ಬೇರುಗಳನ್ನು ಮೇಲೆತ್ತಿ ನಿಂತ ಮರಗಳನ್ನು ನೋಡಿದವರಿಗೆ ಅದರ ಕಾಯಿ ಬಿರಿದಾಗ ಒಳಗೆ ಕಾಣುವ ಕೆಂಪು ಪತ್ರೆಯ ಪರಿಚಯವಿರುತ್ತದೆ. ನಮ್ಮಲ್ಲಿ ಅದನ್ನು ನುಂಗಿ ಬೀಜವನ್ನು ದೂರ ಒಯ್ಯಲು ಮಂಗಟ್ಟೆಗಳಿವೆ, ಬೆಟ್ಟದ ದೊಡ್ಡ ಪಾರಿವಾಳಗಳಿವೆ. ಮಂಗಟ್ಟೆಗಳೇ ಇಲ್ಲದ ನಿಕೋಬಾರಿನಲ್ಲಿ ರಾಮಪತ್ರೆಯ ಕುಲದ ದಪ್ಪ ಬೀಜಗಳು ಬಹುಮಟ್ಟಿಗೆ ಹಣ್ಣು ತಿನ್ನುವ ಪಾರಿವಾಳಗಳನ್ನೇ ನೆಚ್ಚಿವೆ. ಅವು ಪತ್ರೆಯನ್ನು ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಇನ್ನೊಂದು ಇಳಿಜಾರಿನಲ್ಲಿ, ಕೆಲವೊಮ್ಮೆ ಇನ್ನೊಂದು ದ್ವೀಪದಲ್ಲಿಯೇ ಉದುರಿಸುತ್ತವೆ. ಪಾರಿವಾಳ ಕಡಿಮೆಯಾದ ಕಾಡು ಇಂದು ಹಸಿರಾಗಿಯೇ ಕಾಣುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಅದರಲ್ಲಿ ರಾಮಪತ್ರೆ ಇರುವುದಿಲ್ಲ. ಉಪಗ್ರಹದ ಚಿತ್ರದಲ್ಲಿ ಹಸಿರನ್ನು ಅಳೆದು ವರದಿ ಬರೆಯುವ ಪಂಡಿತರಿಗೆ ಈ ಬಗೆಯ ಸಾವು ಗೋಚರಿಸುವುದಿಲ್ಲ.

ಅಲ್ಲಿನ ಇನ್ನೊಂದು ಸ್ನೇಹ ಮಲೆನಾಡಿಗರಿಗೆ ಇಷ್ಟವಾಗಬಹುದು. ಬಾಲದ ತುದಿಗೆ ಎರಡು ಗರಿಬಿಲ್ಲೆ ತೂಗಿಸಿಕೊಂಡು ನಮ್ಮ ಕಾಡಿನಲ್ಲಿ ಹಾರುವ ಕಾಜಾಣವೇ ಗ್ರೇಟ್ ನಿಕೋಬಾರಿನಲ್ಲಿಯೂ ಇದೆ. ಆ ದ್ವೀಪದ ಮರಸುಂಡಿಲಿ, ಟ್ರೀಶ್ರೂ ಎಂದು ವಿಜ್ಞಾನಿಗಳು ಕರೆಯುವ ಅಳಿಲಿನಂಥ ಪ್ರಾಣಿ, ನಿಕೋಬಾರನ್ನು ಬಿಟ್ಟರೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಅದು ಕೊಂಬೆಗಳನ್ನು ತಡಕುತ್ತ ಸಾಗಿದಂತೆ ಎದ್ದು ಹಾರುವ ಹುಳುಗಳಿಗಾಗಿ ಕಾಜಾಣ ಬೆನ್ನುಹತ್ತುತ್ತದೆ; ಅವೆರಡರ ಜೊತೆಗೆ ಗಿಡುಗವೂ ಸೇರುತ್ತದೆ. ಮೀರಾ ಅನ್ನಾ ಊಮ್ಮೆನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಇದನ್ನು 2010ರಲ್ಲಿ ಪ್ರಕಟಿಸಿದರು. ಸಸ್ತನಿ, ಕೀಟಭಕ್ಷಕ ಹಕ್ಕಿ ಮತ್ತು ಬೇಟೆಹಕ್ಕಿ ಒಟ್ಟಾಗಿ ಮೇವಿಗೆ ಹೊರಡುವ ಈ ಕೂಟವನ್ನು ಪರಿಹಾರವನದಲ್ಲಿ ನೆಡಲು ಯಾವ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಬೀಜ ಸಿಗುತ್ತದೆಯೋ ತಿಳಿಯದು.

ನಿಕೋಬಾರ್ ಮೆಗಾಪೋಡ್ ಎಂಬ ನೆಲಹಕ್ಕಿಯದು ಇನ್ನೂ ವಿಚಿತ್ರವಾದ ಬಾಳು. ನಮ್ಮ ಕೊಟ್ಟಿಗೆಯ ಗೊಬ್ಬರಗುಂಡಿಯ ಒಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆಯಲ್ಲವೆ? ಆ ಬಿಸಿಯನ್ನೇ ಈ ಹಕ್ಕಿ ಕಾವಿಗೆ ಬಳಸುತ್ತದೆ. ಕಡಲಂಚಿನ ಕಾಡಿನಲ್ಲಿ ಮರಳು, ಮಣ್ಣು, ಕೊಳೆಯುವ ಎಲೆಗಳನ್ನು ಕಾಲಿನಿಂದ ಕೆದಕಿ ದೊಡ್ಡ ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಕುಳಿತು ಕಾವು ಕೊಡುವುದಿಲ್ಲ. ಮರಿ ತಾನೇ ಗುಡ್ಡೆ ಕೊರೆದು ಹೊರಬಂದು ತಾಯ್ತಂದೆಯರ ಮುಖ ನೋಡದೆ ಬದುಕನ್ನು ಆರಂಭಿಸುತ್ತದೆ. ಈ ಹಕ್ಕಿಗೆ ಬೇಕಾದದ್ದು ಸಮುದ್ರ ಮತ್ತು ಕಾಡು ಸಂಧಿಸುವ ಕಿರಿದಾದ ಪಟ್ಟಿ. 2004ರ ಸುನಾಮಿ ಆ ಪಟ್ಟಿಯ ಬಹುಭಾಗವನ್ನು ಕೊಚ್ಚಿಕೊಂಡು ಹೋಯಿತು, ಗುಡ್ಡೆಗಳೂ ಹೋದವು. ಉಳಿದವು ನಿಧಾನವಾಗಿ ಚೇತರಿಸಿಕೊಳ್ಳುತ್ತಿರುವಾಗ ಬಂದರು ಮತ್ತು ನಗರಗಳಿಗೆ ಬೇಕಾಗಿರುವುದೂ ಅದೇ ಪಟ್ಟಿ.

ಇನ್ನು ಗಲಾಥಿಯಾದ ಮರಳಿನ ಮಾತು. ಕಡಲಾಮೆಗಳಲ್ಲೆಲ್ಲ ದೊಡ್ಡದಾದ ಲೆದರ್‌ಬ್ಯಾಕ್, ಚಿಪ್ಪಿನ ಬದಲು ತೊಗಲು ಹೊದ್ದ ಬೆನ್ನಿನ, ಐನೂರು ಕಿಲೋವರೆಗೂ ತೂಗಬಲ್ಲ ಜೀವಿ, ಮೊಟ್ಟೆಯಿಡಲು ಈ ಕೊಲ್ಲಿಗೆ ಬರುತ್ತದೆ. ಉತ್ತರ ಹಿಂದೂ ಮಹಾಸಾಗರದಲ್ಲಿ ಅದಕ್ಕೆ ಉಳಿದಿರುವ ಅತಿ ಮುಖ್ಯ ತಾಣಗಳಲ್ಲಿ ಇದೂ ಒಂದು. ಲಿಟಲ್ ಅಂಡಮಾನಿನಲ್ಲಿ ಮೊಟ್ಟೆಯಿಟ್ಟ ಇದೇ ಜಾತಿಯ ಆಮೆಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ ಕೆಲವು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯತ್ತ ಹೋದರೆ, ಕೆಲವು ಆಫ್ರಿಕಾದ ಕಡೆಗೆ ಸಾವಿರಾರು ಕಿಲೋಮೀಟರ್ ಈಜಿದವು. ಇಷ್ಟು ದೂರ ಸುತ್ತುವ ಜೀವಿ ಮೊಟ್ಟೆಗೆ ಮಾತ್ರ ಇಳಿಜಾರಾದ, ಕತ್ತಲಾದ, ಎದುರಿಗೆ ತೆರೆದ ಕಡಲಿರುವ ಮರಳನ್ನು ಆರಿಸಿಕೊಳ್ಳುತ್ತದೆ. ರಾತ್ರಿ ಮರಳಿನಿಂದೇಳುವ ಮರಿಗಳಿಗೆ ದಾರಿ ತೋರುವುದು ಕಡಲಿನ ಮೇಲಿನ ಮಂದ ಬೆಳಕೊಂದೇ. ದಡದಲ್ಲಿ ದೀಪ ಉರಿದರೆ ಅವು ಅತ್ತ ನಡೆದು ಸಾಯುತ್ತವೆ.

ಈ ಆಮೆಗಾಗಿಯೇ 1997ರಲ್ಲಿ ಗಲಾಥಿಯಾ ಕೊಲ್ಲಿಯನ್ನು ಅಭಯಾರಣ್ಯವೆಂದು ಘೋಷಿಸಲಾಗಿತ್ತು. 2021ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಅದನ್ನು ಅಭಯಾರಣ್ಯದ ಪಟ್ಟಿಯಿಂದ ತೆಗೆಯಲು ಒಪ್ಪಿತು. ಅದೇ 2021ರಲ್ಲಿ ಅದೇ ಸರ್ಕಾರದ ಪರಿಸರ ಸಚಿವಾಲಯ ಪ್ರಕಟಿಸಿದ ಕಡಲಾಮೆಗಳ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ ಗಲಾಥಿಯಾ ಮುಖ್ಯ ಮೊಟ್ಟೆತಾಣವೆಂದು ನಮೂದಾಗಿದೆ. ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಅಳಿಸುವುದಕ್ಕೆ ಒಂದು ವರ್ಷವೂ ಬೇಕಾಗಲಿಲ್ಲ.

"ಆಮೆಗಳು ಪಕ್ಕದ ಬೇರೆ ದಡಗಳಿಗೆ ಹೋಗುತ್ತವೆ, ಸುನಾಮಿಯಲ್ಲಿ ಈ ದಡ ಹೋದಾಗಲೂ ಹೋಗಿದ್ದವಲ್ಲ" ಎಂಬ ವಾದವನ್ನು ಜಾಣತನವೆಂದು ಭಾವಿಸುವವರಿದ್ದಾರೆ. ಸುನಾಮಿಯ ನಂತರ ಏನಾಯಿತೆಂಬುದನ್ನು ಅವರು ಪೂರ್ತಿ ಹೇಳುವುದಿಲ್ಲ. ಕೆಲವೇ ವರ್ಷಗಳಲ್ಲಿ ಅಲೆಗಳು ಮರಳನ್ನು ಮರಳಿ ತಂದು ದಡ ಕಟ್ಟಿದವು, ಆಮೆಗಳು ಹಿಂದಿರುಗಿದವು. ಸಮುದ್ರ ಕಿತ್ತುಕೊಂಡದ್ದನ್ನು ಸಮುದ್ರವೇ ಹಿಂದಕ್ಕೆ ಕೊಟ್ಟಿತು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕಟ್ಟುವ ಅಲೆತಡೆ ಗೋಡೆ, ಹೂಳೆತ್ತಿ ಆಳಗೊಳಿಸಿದ ನೆಲ, ರಾತ್ರಿಯಿಡೀ ಉರಿಯುವ ಬಂದರಿನ ದೀಪಗಳು ಏನನ್ನೂ ಹಿಂದಕ್ಕೆ ಕೊಡುವುದಿಲ್ಲ. ಹವಳಗಳ ವಿಷಯದಲ್ಲಿಯೂ ಇದೇ ಧಾಟಿ: ಹದಿನಾರು ಸಾವಿರಕ್ಕೂ ಮಿಕ್ಕಿದ ಹವಳದ ಗೂಡುಗಳನ್ನು ಕಿತ್ತು ಬೇರೆಡೆ ನೆಡುವರಂತೆ. ಅಡಿಕೆ ಸಸಿಯನ್ನು ಒಂದು ತೋಟದಿಂದ ಇನ್ನೊಂದಕ್ಕೆ ಕಿತ್ತು ನೆಟ್ಟವರಿಗೆ ಎಷ್ಟು ಬದುಕುತ್ತವೆಂಬುದು ಗೊತ್ತು. ಅದು ಸಸಿ, ಇದು ಸಾವಿರಾರು ಪ್ರಾಣಿಗಳ ಒಂದು ಊರು.

ಕಡಿದ ಮಳೆಕಾಡಿಗೆ ಪ್ರತಿಯಾಗಿ ಕಾಡು ಬೆಳೆಸುವ ಜಾಗ ಹರಿಯಾಣದಲ್ಲಿದೆ. ಓದುಗರು ಅಚ್ಚಿನ ದೋಷವೆಂದು ತಿಳಿಯಬಾರದು: ಹರಿಯಾಣ. ವರ್ಷದ ಬಹುಕಾಲ ಮಳೆ ಸುರಿಯುವ ದ್ವೀಪದ ಕಾಡಿಗೆ ಬದಲಾಗಿ ಎರಡು ಸಾವಿರ ಕಿಲೋಮೀಟರಿಗೂ ಆಚೆ, ಅರಾವಳಿಯ ಒಣ ಸೀಮೆಯಲ್ಲಿ ಗಿಡ ನೆಡುವುದು. ಅರಾವಳಿಗೆ ಗಿಡ ಬೇಡವೆಂದು ಯಾರೂ ಹೇಳುವುದಿಲ್ಲ, ಅಲ್ಲಿನ ಕುರುಚಲು ಕಾಡಿಗೆ ಅದರದೇ ಬೆಲೆಯಿದೆ. ಆದರೆ ಮರಸುಂಡಿಲಿ ಹರಿಯಾಣಕ್ಕೆ ಹೋಗಲಾರದು, ಮೆಗಾಪೋಡ್ ಅಲ್ಲಿ ಗುಡ್ಡೆ ಕಟ್ಟಲಾರದು. ಈ ಲೆಕ್ಕದ ಹಿಂದಿರುವ ನಂಬಿಕೆ ಮಲೆನಾಡಿಗರಿಗೆ ಹೊಸದಲ್ಲ. ನಮ್ಮ ಕಾನುಗಳನ್ನು ಕಡಿದು ನೀಲಗಿರಿ ನೆಟ್ಟು "ಅರಣ್ಯೀಕರಣ" ಎಂದವರು, ಆಮೇಲೆ ಅಕೇಶಿಯಾ ನೆಟ್ಟು ಅದನ್ನೂ ಹಸಿರಿನ ಪಟ್ಟಿಗೆ ಸೇರಿಸಿದವರು ಇದೇ ನಂಬಿಕೆಯವರು. ಅಕೇಶಿಯಾದ ನೆಡುತೋಪಿನಲ್ಲಿ ಅರ್ಧ ದಿನ ನಿಂತು ಹಕ್ಕಿಯ ದನಿ ಎಣಿಸಿ, ಅನಂತರ ಪಕ್ಕದ ಕಾನಿಗೆ ಹೋಗಿ ಎಣಿಸಿರಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮವಾದ ಪ್ರಯೋಗಶಾಲೆ ಬೇಕಿಲ್ಲ.

ಪ್ರತಿಶತದ ಮೋಸವೂ ಹೀಗೆಯೇ. "ಅಂಡಮಾನ್ ಮತ್ತು ನಿಕೋಬಾರಿನ ಒಟ್ಟು ಅರಣ್ಯದಲ್ಲಿ ಹೋಗುವುದು ಶೇಕಡಾ 2ಕ್ಕಿಂತ ಕಡಿಮೆ" ಎಂದು ಅಧಿಕಾರಿಗಳು ಹೇಳುತ್ತಾರೆ. ಭಾಗಿಸುವ ಅಂಕಿಯನ್ನು ಬೇಕಾದಷ್ಟು ಹಿಗ್ಗಿಸಿದರೆ ಯಾವ ನಷ್ಟವೂ ಸಣ್ಣದಾಗುತ್ತದೆ. ಉತ್ತರ ಅಂಡಮಾನಿನ ಕಾಡು ಎಷ್ಟೇ ಇದ್ದರೂ ಅಲ್ಲಿ ನಿಕೋಬಾರಿನ ಮರಸುಂಡಿಲಿ ಇಲ್ಲ. ಹಾಗಿರುವಾಗ ಅದನ್ನು ಲೆಕ್ಕಕ್ಕೆ ಸೇರಿಸಿದ್ದು ಯಾವ ನ್ಯಾಯ? ಇದೇ ಗಣಿತದಿಂದ ಕತ್ತಲೆಕಾನಿನ ಜಡ್ಡಿಯನ್ನು ಕರ್ನಾಟಕದ ಒಟ್ಟು ಅರಣ್ಯದಿಂದ ಭಾಗಿಸಿದರೆ ದಶಮಾಂಶದ ಬಲಕ್ಕೆ ಸೊನ್ನೆಗಳ ಸಾಲೇ ಬರುತ್ತದೆ. ಆ ಸೊನ್ನೆಗಳ ಒಳಗೆ, ಆ ಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವಿದೆ. ಅದನ್ನು ವಿಜ್ಞಾನ ಹೆಸರಿಟ್ಟು ಗುರುತಿಸಿದ್ದೇ 2000ದಲ್ಲಿ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ರೂಪಿಸಿರುವ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಪರವಾಗಿ ನಾವು ಕೇಳುತ್ತಿರುವುದೂ "ಹೋಗುವುದು ಕೆಲವೇ ಹೆಕ್ಟೇರ್" ಎಂಬ ಮಾತೇ. ಮೇಲ್ಛಾವಣಿ ಬಿಟ್ಟು ಕೆಳಗಿಳಿಯಲು ಒಲ್ಲದ ಸಿಂಗಳೀಕಕ್ಕೆ ಆ ಕೆಲವು ಹೆಕ್ಟೇರ್‌ಗಳು ಎಲ್ಲಿ ಬೀಳುತ್ತವೆ ಎಂಬುದು ಮುಖ್ಯ, ಎಷ್ಟು ಎಂಬುದಲ್ಲ. ನಮ್ಮ ಘಟ್ಟದ ಮಳೆಕಾಡು ಕೂಡ ದ್ವೀಪವೇ ಅಲ್ಲವೆ? ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಒಣ ಬಯಲುಸೀಮೆ. ದೊಡ್ಡ ಮಂಗಟ್ಟೆಯ ಬಂಧುಗಳನ್ನು ಹುಡುಕಬೇಕೆಂದರೆ ಇಲ್ಲಿಂದ ಹಿಮಾಲಯದ ತಪ್ಪಲಿಗೆ, ಅಲ್ಲಿಂದ ಮಲಯ, ಸುಮಾತ್ರಗಳಿಗೆ ಹೋಗಬೇಕು.

ಕಡಿಯುವುದಷ್ಟೇ ಅಪಾಯವೆಂದು ತಿಳಿಯುವುದೂ ತಪ್ಪು. ಹಡಗು ಸರಕನ್ನು ಮಾತ್ರ ತರುವುದಿಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೆಯ ಮಹಾಯುದ್ಧದ ನಂತರ ಸೇನೆಯ ಸರಕಿನೊಡನೆ ಒಂದು ಮರಹಾವು ಬಂದು ಸೇರಿತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಡುಹಕ್ಕಿಗಳು ಹೆಚ್ಚುಕಡಿಮೆ ನಿರ್ನಾಮವಾದವು. ಅಂಡಮಾನಿಗೆ ನಮ್ಮ ಗದ್ದೆಯ ದೊಡ್ಡ ಕಪ್ಪೆ ಮುಖ್ಯಭೂಮಿಯಿಂದ ಹೋಗಿ ಈಗ ಅಲ್ಲಿನ ಸಣ್ಣ ಜೀವಿಗಳನ್ನು ನುಂಗುತ್ತಿದೆ. 1500ರಿಂದೀಚೆಗೆ ಅಳಿದುಹೋದವೆಂದು ದಾಖಲಾದ ಹಕ್ಕಿಗಳಲ್ಲಿ ಬಹುಪಾಲು ದ್ವೀಪವಾಸಿಗಳು. ಮಾರಿಷಸ್ಸಿನ ಡೋಡೋ ಇದಕ್ಕೆ ಪ್ರಸಿದ್ಧ ನಿದರ್ಶನ: 1598ರಲ್ಲಿ ಡಚ್ಚರು ಬಂದಿಳಿದರು, ಅವರ ಹಡಗಿನಿಂದ ಹಂದಿ, ಇಲಿ, ಮಂಗಗಳು ಇಳಿದವು, ಆ ಮುಂದಿನ ಶತಮಾನ ಮುಗಿಯುವ ಮೊದಲೇ ಡೋಡೋ ಮುಗಿದಿತ್ತು. ಇಂದು ಬದುಕಿರುವ ಹಕ್ಕಿಗಳಲ್ಲಿ ಡೋಡೋವಿನ ಅತಿ ಸಮೀಪದ ಬಂಧು ಯಾವುದೆಂದು 2002ರ ವಂಶವಾಹಿ ಅಧ್ಯಯನ ತೋರಿಸಿದೆ: ಹಸಿರು-ತಾಮ್ರ ಬಣ್ಣದ ನಿಕೋಬಾರ್ ಪಾರಿವಾಳ.

ದೇಶದ ರಕ್ಷಣೆಯ ಮಾತು ಬಂದಕೂಡಲೇ ನಮ್ಮಲ್ಲಿ ಬಹಳ ಮಂದಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಮಲಾಕ್ಕಾ ಜಲಸಂಧಿಯ ಬಾಗಿಲಲ್ಲಿರುವ ದ್ವೀಪಕ್ಕೆ ರಕ್ಷಣೆಯ ಮಹತ್ವವಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ನೌಕಾಪಡೆಯ ಐಎನ್‌ಎಸ್ ಬಾಜ್ ನೆಲೆ 2012ರಿಂದಲೇ ಕ್ಯಾಂಪ್‌ಬೆಲ್ ಕೊಲ್ಲಿಯಲ್ಲಿದೆ. ಆದರೆ ಮೂರೂವರೆ ಲಕ್ಷ ಜನರ ನಗರ, ಪ್ರವಾಸಿ ತಂಗುದಾಣಗಳು, ವಾಣಿಜ್ಯ ಬಂದರು ಇವೆಲ್ಲ ಯಾವ ಶತ್ರುವನ್ನು ತಡೆಯಲು? ಅದೂ ಎಂಥ ನೆಲದ ಮೇಲೆ: ಭೂಕಂಪದ ಅತ್ಯಂತ ಅಪಾಯದ ವಲಯದಲ್ಲಿ, 2004ರ ಡಿಸೆಂಬರ್ 26ರಂದು ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ದೀಪಸ್ತಂಭದ ಬುಡವೇ ಕಡಲೊಳಗಾದ ದ್ವೀಪದಲ್ಲಿ.

ಸುನಾಮಿ ಮನುಷ್ಯರನ್ನೂ ಬಿಡಲಿಲ್ಲ. ದಕ್ಷಿಣ ಮತ್ತು ಪಶ್ಚಿಮದ ದಡದಲ್ಲಿದ್ದ ನಿಕೋಬಾರಿಗಳ ಹಳ್ಳಿಗಳು ನಾಶವಾಗಿ ಬದುಕುಳಿದವರನ್ನು ಕ್ಯಾಂಪ್‌ಬೆಲ್ ಕೊಲ್ಲಿಯ ಬಳಿಗೆ ತರಲಾಯಿತು. ತಾತ್ಕಾಲಿಕವೆಂದು ಹೇಳಲಾಗಿತ್ತು. ಹಳೆಯ ಊರಿಗೆ ಮರಳಬೇಕೆಂಬ ಅವರ ಬೇಡಿಕೆ ಎರಡು ದಶಕ ದಾಟಿತು. 2022ರ ಆಗಸ್ಟಿನಲ್ಲಿ ಅವರ ಬುಡಕಟ್ಟು ಮಂಡಳಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ಪಡೆಯಲಾಯಿತು. ತಮ್ಮ ಪೂರ್ವಿಕರ ನೆಲವೂ ಯೋಜನೆಯೊಳಗಿದೆಯೆಂದು ತಿಳಿದ ಮಂಡಳಿ ಅದೇ ನವೆಂಬರಿನಲ್ಲಿ ಪತ್ರವನ್ನು ಹಿಂತೆಗೆದುಕೊಂಡಿತು. ಯೋಜನೆ ಮಾತ್ರ ಹಿಂತಿರುಗಲಿಲ್ಲ. ಒಳಕಾಡಿನ ಶೋಂಪೆನ್ನರ ಸ್ಥಿತಿ ಇನ್ನೂ ದಾರುಣ. 2011ರ ಜನಗಣತಿಯಲ್ಲಿ ಅವರು 229 ಮಂದಿ. ನಮ್ಮ ಕೇದಿಗೆಯ ಕುಲಕ್ಕೆ ಸೇರಿದ ಗಿಡವೊಂದರ ದೊಡ್ಡ ಹಣ್ಣು ಅವರ ಮುಖ್ಯ ಆಹಾರ. ಹೊರಗಿನವರ ರೋಗಗಳಿಗೆ ದೇಹ ಒಗ್ಗದ ಈ ಜನರ ಪಕ್ಕದಲ್ಲಿ ಲಕ್ಷಾಂತರ ಜನರನ್ನು ತಂದಿಳಿಸಿದರೆ ಏನಾಗಬಹುದೆಂದು ಊಹಿಸಲು ತಜ್ಞರ ಸಮಿತಿ ಬೇಡ. ಅಂಡಮಾನಿನ ಬುಡಕಟ್ಟುಗಳ ಚರಿತ್ರೆಯ ನಾಲ್ಕು ಪುಟ ಸಾಕು. ಲಿಂಗನಮಕ್ಕಿಯ ನೀರು 1964ರಲ್ಲಿ ಏರಿದಾಗ ಎದ್ದು ಬಂದ ಕುಟುಂಬಗಳ ಭೂಮಿಯ ಹಕ್ಕಿನ ತಕರಾರು ಇಂದಿಗೂ ತೀರದಿರುವುದನ್ನು ಬಲ್ಲ ಓದುಗರಿಗೆ, "ತಾತ್ಕಾಲಿಕ" ಎಂಬ ಸರ್ಕಾರಿ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರೇಟ್ ನಿಕೋಬಾರಿನ ನೆರೆಮನೆಯಾದ ಸುಮಾತ್ರದಲ್ಲಿ ಇದೇ ದಾರಿಯ ಮುಂದಿನ ಮೈಲುಗಲ್ಲುಗಳು ಕಾಣಸಿಗುತ್ತವೆ. ಅಲ್ಲಿನ ಬಯಲ ಮಳೆಕಾಡು ತಾಳೆಎಣ್ಣೆಯ ತೋಟವಾಯಿತು. ಸುಮಾತ್ರದ ಘೇಂಡಾಮೃಗ ಮಲೇಷ್ಯಾದಲ್ಲಿ 2019ರಲ್ಲಿ ಕಣ್ಮರೆಯಾಯಿತು. ಜಗತ್ತಿನಲ್ಲಿ ಉಳಿದಿರುವುದು ಐವತ್ತಕ್ಕೂ ಕಡಿಮೆ ಎಂಬ ಅಂದಾಜಿದೆ. ಬತಾಂಗ್ ತೋರು ಬೆಟ್ಟಗಳಲ್ಲಿ ತಪನೂಲಿ ಒರಾಂಗುಟನ್ ಎಂಬ ಹೊಸ ಜಾತಿಯ ವಾನರವಿದೆಯೆಂದು 2017ರಲ್ಲಿ ವಿಜ್ಞಾನಿಗಳು ಸಾರಿದಾಗ ಅದರ ಸಂಖ್ಯೆ ಎಂಟುನೂರಕ್ಕಿಂತ ಕಡಿಮೆಯಿತ್ತು, ಮತ್ತು ಆ ಕಣಿವೆಗೆ 510 ಮೆಗಾವ್ಯಾಟಿನ ಜಲವಿದ್ಯುತ್ ಯೋಜನೆ ಆಗಲೇ ಬಂದಿತ್ತು. 2025ರ ನವೆಂಬರ್ ಕೊನೆಯಲ್ಲಿ ಚಂಡಮಾರುತದ ಮಳೆಗೆ ಸುಮಾತ್ರದ ಬೆಟ್ಟಗಳು ಕುಸಿದವು, ಪ್ರವಾಹದಲ್ಲಿ ಕಡಿದ ಮರದ ದಿಮ್ಮಿಗಳು ಊರುಗಳ ಮೇಲೆ ತೇಲಿಬಂದವು. ಸತ್ತವರು ಸಾವಿರಕ್ಕೂ ಮಿಕ್ಕು. ಬತಾಂಗ್ ತೋರುವಿನ ಇಳಿಜಾರುಗಳೂ ಜಾರಿದವು.

ಲೋಕಸಭೆಯ ನಮ್ಮ ಪ್ರತಿನಿಧಿಗಳಿಗೆ ಅಂಚೆಯಲ್ಲಿ ಪತ್ರ ಬರೆಯಲು ಎರಡು ಊರುಗಳ ಯುವಕರು ಮುಂದೆ ಬಂದಿದ್ದಾರೆ. ಕಾಲೇಜುಗಳ ವಿದ್ಯಾರ್ಥಿಗಳು ಕೂಡಿಕೊಳ್ಳಬೇಕು. ಪತ್ರ ಉದ್ದವಾಗಬೇಕಿಲ್ಲ, ಪ್ರಶ್ನೆಗಳು ಮೂರೇ ಇರಲಿ. ಬುಡಕಟ್ಟು ಮಂಡಳಿ ಹಿಂತೆಗೆದುಕೊಂಡ ಒಪ್ಪಿಗೆಯ ಮೇಲೆ ಯೋಜನೆ ಹೇಗೆ ಮುಂದುವರಿದಿದೆ? 1997ರಲ್ಲಿ ಆಮೆಗಾಗಿ ಅಭಯಾರಣ್ಯವಾಗಿದ್ದ ದಡ, ಆಮೆಗಳು ಈಗಲೂ ಬರುತ್ತಿರುವಾಗ, 2021ರಲ್ಲಿ ಯಾವ ಕಾರಣಕ್ಕೆ ಅಭಯಾರಣ್ಯವಲ್ಲದಾಯಿತು? ಹರಿಯಾಣದಲ್ಲಿ ನೆಡುವ ಸಸಿಗಳ ಪಟ್ಟಿಯಲ್ಲಿ ಗ್ರೇಟ್ ನಿಕೋಬಾರಿನ ಮರಗಳ ಹೆಸರು ಎಷ್ಟಿವೆ?